ಡಾಕ್ಟರು ಕೇಳಿದ್ದರು

ಶೋಭಾ, ಆ ಮೊದಲನೆಯ ಡಾಕ್ಟರು ಕೇಳಬೇಕಾದದ್ದನ್ನು ಕೇಳಿದ್ದರು. ಸುಳ್ಳು ಹೇಳಿದವಳು ನಾನು — ನಿನ್ನ ಅವ್ವ. ಇಷ್ಟು ವರ್ಷ ಇದನ್ನು ಹೊಟ್ಟೆಯಲ್ಲಿಟ್ಟುಕೊಂಡು ನಿನ್ನ ಪಕ್ಕದಲ್ಲೇ ಕೂತು ಬಳೆ ಮಾರಿದ್ದೇನೆ.

ಆಗ ನಾವು ಗೋವಾದ ವಾಳಪೈಯಲ್ಲಿದ್ದೆವು, ನಿನಗೆ ಇಪ್ಪತ್ತಾರು. ಗೋಡೆಗೆ ಮುಖ ಮಾಡಿ ಮಲಗಿದವಳು ತಿಂಗಳಾದರೂ ಏಳಲಿಲ್ಲ. ಮೈಗಳ್ಳಿ ಎಂದು ಬೈದೆ — ಅದೂ ನನ್ನ ತಪ್ಪೇ. ಕೊನೆಗೆ ಹೆದರಿ, ಕಾಡಿ ಬೇಡಿ ನಿನ್ನನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ನಿನ್ನ ಹತ್ತಿರ ಮಾತಾಡಿ, ಹೂಂ ಉಹೂಂ ಬಿಟ್ಟು ಏನೂ ಹೊರಡದಿದ್ದಾಗ, ಡಾಕ್ಟರು ನಿನ್ನನ್ನು ಹೊರಗೆ ಕೂಡಿಸಿ ನನ್ನನ್ನು ಒಳಗೆ ಕರೆದರು. ನಮ್ಮ ಮಾತು ಬಲ್ಲವರು, ನಿಧಾನವಾಗಿ ಕೇಳಿದರು.

"ಇದರ ಉಲ್ಟಾ ದಿನಾನೂ ಇರ್ತಾವೇನ್ರಿ? ನಿದ್ದಿ ಬ್ಯಾಡ, ಮಾತು ನಿಲ್ಲಂಗಿಲ್ಲ, ಮೈಯಾಗ ಭಾಳ ಹುರುಪು — ಹಂಗ?"

"ಇಲ್ರಿ ಸರ್."

"ನೆನಪು ಮಾಡ್ಕೊಂಡು ಹೇಳ್ರಿ."

"ಹಂಗೇನಿಲ್ರಿ," ಎಂದೆ.

ನೆನಪು ಮಾಡಿಕೊಳ್ಳುವುದೇನಿತ್ತು? ಆ ದಿನಗಳು ಕಣ್ಣ ಮುಂದೆಯೇ ಇದ್ದವು. ಮ್ಹಾಪಸಾದ ಶುಕ್ರವಾರದ ಸಂತೆಯಲ್ಲಿ ನೀನು ಕೂತರೆ ನಮ್ಮ ಮುಂದೆ ನಿಲ್ಲಲು ಜಾಗವಿರುತ್ತಿರಲಿಲ್ಲ. ಕೊಂಕಣಿಯವರಿಗೆ ಕೊಂಕಣಿ, ಮರಾಠಿಯವರಿಗೆ ಮರಾಠಿ. ಬೇಡವೆಂದು ಹೊರಟವಳ ಕೈ ಹಿಡಿದು, ನಗಿಸುತ್ತಾ ಬಳೆ ಏರಿಸಿಬಿಡುತ್ತಿದ್ದೆ, ಒಂದೂ ಒಡೆಯುತ್ತಿರಲಿಲ್ಲ. ನಿದ್ದೆ ಬಿಟ್ಟು ಬಳೆ ಜೋಡಿಸಿದವಳು ಬೆಳಗ್ಗೆ ನನಗಿಂತ ಮೊದಲು ತಯಾರು. ನಮ್ಮ ಶೋಭಾನ ಕೈಗುಣ ನೋಡ್ರಿ ಎಂದು ಊರಿಗೆಲ್ಲ ಹೇಳಿಕೊಂಡು ತಿರುಗಿದೆ. ನೀನು ಯಾರ್ಯಾರಿಗೋ ಪುಕ್ಕಟೆ ಬಳೆ ತೊಡಿಸಿದ್ದು, ತಡೆದರೆ ಸಿಡುಕಿದ್ದು — ಅದನ್ನೆಲ್ಲ ನೋಡಿಯೂ ನೋಡದಂತಿದ್ದೆ. ಆ ಹುರುಪೂ ಕಾಯಿಲೆ ಎಂದುಬಿಟ್ಟರೆ? ಗುಳಿಗೆ ಕೊಟ್ಟು ಅದನ್ನೂ ಇಳಿಸಿಬಿಟ್ಟರೆ? ಮಲಗಿದ ಮಗಳು ನನಗೆ ಬೇಡವಾಗಿದ್ದಳು, ಸಂತೆಯ ಮಗಳು ಬೇಕಾಗಿದ್ದಳು. ಇಷ್ಟೇ.

ಅರ್ಧ ಮಾತು ಕೇಳಿಸಿಕೊಂಡ ಡಾಕ್ಟರು ಆ ಅರ್ಧಕ್ಕೆ ಗುಳಿಗೆ ಕೊಟ್ಟರು. ಕೆಲವು ವಾರಗಳಲ್ಲಿ ನೀನು ಎದ್ದೆ — ಎದ್ದವಳು ನಿಲ್ಲಲೇ ಇಲ್ಲ. ಒಂದು ಶುಕ್ರವಾರ ತುಂಬಿದ ಸಂತೆಯಲ್ಲಿ ಬಳೆಯನ್ನೆಲ್ಲ ಹಂಚಿ, ಅಡ್ಡ ಬಂದ ನನ್ನನ್ನು ನೂಕಿ, ಒಡೆದ ಗಾಜಿನ ಮೇಲೆ ಬರಿಗಾಲಲ್ಲಿ ನಿಂತು ನಗುತ್ತಿದ್ದೆ. ಜನ ಮೊಬೈಲಿನಲ್ಲಿ ವಿಡಿಯೋ ಮಾಡುತ್ತಿದ್ದರು. ಮನೆಗೆ ಬಂದು ನಿನ್ನ ಅಂಗಾಲಿನ ಗಾಜು ತೆಗೆಯುತ್ತಾ ನಾನು ಬಿಕ್ಕಿ ಬಿಕ್ಕಿ ಅತ್ತೆ.

ಆಮೇಲೆ ನೀನು ಹಟ ಹಿಡಿದೆ. "ಆ ಡಾಕ್ಟರ್ ಕೊಟ್ಟ ಗುಳಿಗಿಯಿಂದ ಹಿಂಗಾತು. ಇನ್ನ ಯಾರ ಕಡೀನೂ ನಾ ಒಲ್ಲೆ."

ಆಗಲಾದರೂ ಖರೆ ಹೇಳಬಹುದಿತ್ತು. ನಾನು ಹೇಳಿದ್ದು — "ಹೌದವ್ವಾ, ಅವರದ ತಪ್ಪು. ಬ್ಯಾರೆ ಚಲೋ ಡಾಕ್ಟರ್ ಅದಾರ, ಒಂದ್ ಸಲ ಬಾ."

ನನ್ನನ್ನು ನಂಬಿ ನೀನು ಬಂದೆ. ಈಗ ನಿನ್ನನ್ನು ನೋಡುವ ಡಾಕ್ಟರಮ್ಮ ನನ್ನೊಬ್ಬಳನ್ನೇ ಒಳಗೆ ಕರೆದಾಗ ನಾನು ಎಲ್ಲವನ್ನೂ ಹೇಳಿದೆ, ಮೊದಲು ಹೇಳಿದ ಸುಳ್ಳನ್ನೂ. ಬೈಪೋಲಾರ್ ಇರಬಹುದು, ಮನಸ್ಸು ಒಮ್ಮೆ ಏರಿ ಒಮ್ಮೆ ಕುಸಿಯುವ ಕಾಯಿಲೆ, ಸರಿಯಾಗಿ ನೋಡೋಣ ಎಂದರು. ಹುರುಪಿನ ದಿನಗಳು ಗೊತ್ತಿದ್ದರೆ ಅವರು ಬರೀ ಆ ಗುಳಿಗೆ ಕೊಡುತ್ತಿರಲಿಲ್ಲ ಎಂದರು. ಸುಳ್ಳಿನ ವಿಷಯ ಮಗಳಿಗೆ ನೀವೇ ತಿಳಿಸಿ ಎಂದೂ ಹೇಳಿದರು. ಆಗಲಿ ಎಂದು ತಲೆಯಾಡಿಸಿ ಬಂದವಳು ಇವತ್ತಿನವರೆಗೆ...

ಈಗ ನಾವು ಸುಖವಾಗಿದ್ದೇವೆ. ಯಾರೂ ನೆನಪಿಸದೆ ಗುಳಿಗೆ ನುಂಗುತ್ತೀ, ಹೊತ್ತಿಗೆ ಸರಿಯಾಗಿ ಮಲಗುತ್ತೀ. ನಿನ್ನ ಗೊರಕೆಗೆ ನನಗೆ ನಿದ್ದೆಯಿಲ್ಲ — ಇರಲಿ, ಆ ಗೊರಕೆ ಕೇಳುವುದೇ ನನಗೊಂದು ಸಮಾಧಾನ. ಗಿರಾಕಿಗಳನ್ನು ಈಗಲೂ ನಗಿಸುತ್ತೀ. ಬೇಡವೆಂದವಳ ಕೈ ಬಿಡುತ್ತೀ. "ಅವ್ವಾ, ನಾ ಏರಾಕತ್ತೇನಿ ಅನಿಸಿದ್ರ ನೀನ ಹೇಳು, ನಿನ್ನ ಕಣ್ಣಿಗೆ ಗೊತ್ತಾಕ್ಕೈತಿ," ಎನ್ನುತ್ತೀ. ಆ ನಂಬಿಕೆ ಹೋಗಿಬಿಟ್ಟೀತೆಂದೇ ಬಾಯಿ ಮುಚ್ಚಿಕೊಂಡಿದ್ದೆ.

ಆದರೆ ಕಳೆದ ಸಂತೆಯಲ್ಲಿ ಪಕ್ಕದ ಅಂಗಡಿಯ ಸುಮಿತ್ರಾ ತನ್ನ ತಮ್ಮನ ಸುದ್ದಿ ತೆಗೆದಳು. ಅವನೂ ಹಾಗೆಯೇ ಮಲಗಿದ್ದಾನಂತೆ. ಅವರ ಮನೆ ವಾಳಪೈಯಲ್ಲಿ, ಹತ್ತಿರದವರು ಅದೇ ಮೊದಲನೆಯ ಡಾಕ್ಟರು. ನೀನು ಅವಳ ಕೈ ಹಿಡಿದು ಹೇಳಿದೆ — "ಅವರ ಕಡೆ ಮಾತ್ರ ಹೋಗಬ್ಯಾಡ್ರಿ ಅಕ್ಕಾ. ಹುರುಪಿನ ದಿನದ್ದು ಒಂದ್ ಮಾತ ಕೇಳಲಾರದ ನನ್ನ ಹಾಳ ಮಾಡಿದ್ರು." ಸುಮಿತ್ರಾ ಬೆಚ್ಚಿದಳು. "ಹಂಗಾರ ಡಾಕ್ಟರ್ ಸಹವಾಸನ ಬ್ಯಾಡ ಬಿಡವಾ," ಎಂದಳು. ನಾನು ತಲೆ ಎತ್ತದೆ ಬಳೆ ಒರೆಸುತ್ತಿದ್ದೆ. ನನ್ನ ಒಂದು ಸುಳ್ಳು ಈಗ ಇನ್ನೊಬ್ಬರ ಹುಡುಗನನ್ನೂ ಮನೆಯಲ್ಲೇ ಮಲಗಿಸುತ್ತಿದೆ.

ನಾಳೆ ಸಂತೆಗೆ ಹೋದ ಕೂಡಲೇ ಸುಮಿತ್ರಾಗೆ ನಾನೇ ಹೇಳುತ್ತೇನೆ — ತಮ್ಮನನ್ನು ಆ ಡಾಕ್ಟರ ಹತ್ತಿರವೇ ಕರೆದುಕೊಂಡು ಹೋಗು, ಅವರು ಕೇಳಿದ್ದಕ್ಕೆಲ್ಲ ಖರೆ ಹೇಳು ಎಂದು. ಅದಕ್ಕೂ ಮೊದಲು ನಿನಗೆ ಹೇಳಬೇಕಿತ್ತು, ಹೇಳಿದ್ದೇನೆ. ನನ್ನ ಕಣ್ಣನ್ನು ಇನ್ನು ನಂಬುವುದು, ಬಿಡುವುದು ನಿನಗೆ ಸೇರಿದ್ದು. ಗುಳಿಗೆ ಮಾತ್ರ ಬಿಡಬೇಡ. ಮುಂದಿನ ಸಲ ಡಾಕ್ಟರಮ್ಮನ ಹತ್ತಿರ ನೀನೇ ಒಳಗೆ ಹೋಗು, ನಾನು ಹೊರಗೆ ಕೂಡುತ್ತೇನೆ. ನನ್ನನ್ನು ಕರೆಯಬೇಕೋ ಬೇಡವೋ, ನೀನೇ ಅವರಿಗೆ ಹೇಳು.