ಬಾಯಿ ಮೂಸುವ ರೂಲ್ಸು

ಮಿಲ್ಲಿನ ಸೈರನ್ ಕೆಟ್ಟರೂ ಶ್ರೀರಾಂಪುರಕ್ಕೆ ಚಿಂತೆಯಿಲ್ಲ, ಮರಿಯಣ್ಣನ ಗಂಟಲಿದೆಯಲ್ಲ ಎಂದು ಜನ ಆಡಿಕೊಳ್ಳುತ್ತಿದ್ದ ಕಾಲ ಅದು. ಮಗ್ಗಗಳ ಸದ್ದಿನ ಮೇಲೆ ಕೂಗಿ ಕೂಗಿ ಪಳಗಿದ ಗಂಟಲು. ಕಾರ್ಮಿಕ ಸಂಘದ ಮೆರವಣಿಗೆಯಲ್ಲಿ ಅವನು "ಬೆವರು ಯಾರ್ದು?" ಎಂದು ಎತ್ತಿದರೆ, ಹಿಂದಿನ ಸಾಲು "ನಮ್ದು!" ಎನ್ನುವ ಮೊದಲೇ ಚಿಕ್ಕಪೇಟೆಯ ಜವಳಿ ಅಂಗಡಿಯವರು ಗಜಕಡ್ಡಿ ಕೆಳಗಿಟ್ಟು ಬಾಗಿಲಿಗೆ ಬರುತ್ತಿದ್ದರು. ಎಪ್ಪತ್ತರ ದಶಕದ ಹೋರಾಟಗಳೆಲ್ಲ ಆ ಗಂಟಲನ್ನು ಹಿಂಬಾಲಿಸಿಕೊಂಡೇ ನಡೆದವು.

ಅದಕ್ಕೂ ಮುಂಚೆ ಅದೇ ಗಂಟಲಲ್ಲಿ ಸಾರಾಯಿ ಇಳಿಯುತ್ತಿತ್ತು. ಹೆಂಡತಿ ಸಿದ್ದಮ್ಮ ಊದುಬತ್ತಿ ಹೊಸೆದು ತಂದ ಕಾಸನ್ನೂ ಕುಡಿದು, ಚರಂಡಿ ಪಕ್ಕ ಮಲಗಿ ಎದ್ದು ಬರುತ್ತಿದ್ದ. ಒಂದು ದಿನ ಬಾಬಾಸಾಹೇಬರ ಫೋಟೊ ಮುಂದೆ ನಿಂತು, ಇನ್ನು ಮುಟ್ಟಲ್ಲ ಎಂದ. ಮುಟ್ಟಲಿಲ್ಲ. ಬಿಟ್ಟವನ ಹಟ ಕುಡಿಯುವವನ ಹಟಕ್ಕಿಂತ ಕೆಟ್ಟದ್ದು. ಸಂಘದಲ್ಲೂ ಅವನೇ ಒಂದು ರೂಲ್ಸು ತಂದ. ಮೆರವಣಿಗೆ ಹೊರಡುವ ಮೊದಲು ಟೀ ಅಂಗಡಿ ಮುಂದೆ ಒಬ್ಬರ ಬಾಯಿ ಇನ್ನೊಬ್ಬರು ಮೂಸಬೇಕು. ವಾಸನೆ ಬಂದವನು ಮನೆಗೆ. ಕುಡಿದವನ ಕೈಗೆ ಮೈಕು ಇಲ್ಲವೇ ಇಲ್ಲ.

ಎಂಬತ್ತಮೂರರಲ್ಲಿ ಆ ರೂಲ್ಸು ಅವನ ಕೊರಳಿಗೇ ಬಂತು.

ಬೆಳಿಗ್ಗೆ ಬಚ್ಚಲಲ್ಲಿ ಗಡ್ಡ ಹೆರೆಯುತ್ತಿದ್ದಾಗ ರೇಜರು ಬಲಗೈಯಿಂದ ಜಾರಿತು. ಎತ್ತಿಕೊಳ್ಳಲು ಹೋದರೆ ಕೈ ತನ್ನದಲ್ಲ ಎನ್ನುವ ಹಾಗೆ ತೂಗಾಡಿತು. "ಸಿದ್ದೀ" ಎಂದು ಕರೆಯಲು ಹೋದ. ಹೆಸರು ತಲೆಯಲ್ಲಿತ್ತು, ಬಾಯಿಗೆ ಬರುವಷ್ಟರಲ್ಲಿ ಅಗಿದ ಕಬ್ಬಿನ ಸಿಪ್ಪೆಯಾಯಿತು. ಗೋಡೆಗೊರಗಿ ಕೂತ. ಒಳಗಿನಿಂದ ಸಿದ್ದಮ್ಮ "ಏನಯ್ಯಾ, ಬಚ್ಚಲಲ್ಲೇ ಸಂಸಾರ ಹೂಡ್ದಾ?" ಎಂದು ಕೂಗುವ ಹೊತ್ತಿಗೆ ಕೈಯೂ ಬಂತು, ನಾಲಿಗೆಯೂ ಬಂತು. ಮರಿಯಣ್ಣ ಯಾರಿಗೂ ಹೇಳಲಿಲ್ಲ. ನಾಲಿಗೆ ತೊದಲಿತು ಎಂದರೆ ಈ ಕೇರಿಯಲ್ಲಿ ಯಾರು ತಾನೇ ಕಾಯಿಲೆ ಎಂದಾರು? ಮತ್ತೆ ಶುರು ಹಚ್ಚಿಕೊಂಡ ಎನ್ನುತ್ತಾರೆ. ರೋಗಕ್ಕಿಂತ ಆ ಮಾತಿಗೇ ಅವನಿಗೆ ಭಯ.

ಆ ವಾರವೇ ಮೆರವಣಿಗೆ. ಸಂಘದ ಸೆಕ್ರೆಟರಿ ಮಹಾನಂದ ಅವನ ಬಾಯಿ ಮೂಸಿದ. ಗಂಟಲಿಗೆಂದು ಸದಾ ಹಾಕಿಕೊಳ್ಳುವ ಲವಂಗ, ಬೀಡಿ, ಅಷ್ಟೆ. ಮೈಸೂರು ಬ್ಯಾಂಕ್ ಸರ್ಕಲ್ ಹತ್ತಿರವಾದಾಗ ಮರಿಯಣ್ಣ ಮೈಕು ಬಾಯಿಗಿಟ್ಟು "ಬೆವರು" ಎಂದ. "ಯಾರ್ದು" ಹೊರಡಲಿಲ್ಲ. ಮೈಕಿನಿಂದ ಬಂದದ್ದು ಒಂದು ಕೊಳಕೊಳ ಸದ್ದು. ಬಾಯಿ ಒಂದು ಕಡೆಗೆ ಎಳೆದುಕೊಂಡಿತು, ಮೈಕು ಕಾಲ ಮೇಲೆ ಬಿತ್ತು.

ಹಿಂದಿನಿಂದ ಯಾರೋ ನಕ್ಕರು. "ಅಣ್ಣಂಗೆ ಏರೈತೆ ಗುರೂ!"

ಮಹಾನಂದನ ಮುಖ ಕೆಂಪಾಯಿತು. "ಲವಂಗ ಹಾಕಿ ವಾಸನೆ ಮುಚ್ಚಿದ್ಯೇನೋ? ರೂಲ್ಸು ಮಾಡ್ದೋನೇ ನೀನು!" ಎಂದು ಮೈಕು ಎತ್ತಿಕೊಂಡು ಮುಂದೆ ಹೋದ. ಮರಿಯಣ್ಣ ಇಲ್ಲ ಎನ್ನಲು ಹೋದ. ಅದೂ ತೊದಲಿತು. ಇಷ್ಟು ವರ್ಷದ ಆಣೆ ನಡುಬೀದಿಯಲ್ಲಿ ಬಿದ್ದಿತ್ತು, ಎತ್ತಿಕೊಳ್ಳಲು ಕೈಯಿರಲಿಲ್ಲ.

ಊದುಬತ್ತಿ ಹೆಂಗಸರ ಸಾಲಿನಿಂದ ಸಿದ್ದಮ್ಮ ಓಡಿ ಬಂದು ಅವನನ್ನು ಫುಟ್‌ಪಾತಿನಲ್ಲಿ ಕೂರಿಸಿದಳು. ಅವಳೂ ಮೊದಲು ಮೂಸಿದಳು, ಸುಳ್ಳೇಕೆ. ಬಾಯ್ತುಂಬ ಬೈದಳು ಕೂಡ. ಬೈಗುಳ ಮುಗಿಯುವ ಮೊದಲೇ ಅವನು ಸ್ಪಷ್ಟವಾಗಿ, "ಸಿದ್ದಿ, ಸರೋಯ್ತು, ನಡಿ ಮನೇಗೆ" ಎಂದ.

ಸಿದ್ದಮ್ಮ ಥಟ್ಟನೆ ನಿಂತಳು. "ಸರೋಯ್ತಾ? ಇಷ್ಟ್ ಬೇಗ್ನೆ?"

"ಹೂಂ, ಅವತ್ತೂ ಹಿಂಗೇ..." ಎಂದು ನಾಲಿಗೆ ಕಚ್ಚಿಕೊಂಡ.

"ಅವತ್ತು ಅಂದ್ರೆ ಯಾವತ್ತು?" ಎಲ್ಲವನ್ನೂ ಕಕ್ಕಿಸಿದಳು. ಆಮೇಲೆ ಸೆರಗು ಸಿಕ್ಕಿಸಿದಳು. "ನೀನ್ ಕುಡ್ದು ಬಿದ್ದಿದ್ದು ನಾನ್ ಕಮ್ಮಿ ನೋಡಿದೀನಾ? ಬೆಳಗಾಗೋವರ್ಗೂ ಇಳೀತಿರ್ಲಿಲ್ಲ. ಕಾಲ್ಗಂಟೇಲಿ ಇಳಿಯೋ ಸಾರಾಯಿ ಯಾವನಪ್ಪ ಕಾಯಿಸ್ತಾನೆ? ಇದು ಬೇರೆ ಏನೋ. ಆಟೋ ಹತ್ತು."

"ಈಗ ಚೆನ್ನಾಗಿದೀನಲ್ಲೇ!"

"ಚೆನ್ನಾಗಿರೋವಾಗ್ಲೇ ಹತ್ತು. ಹೆಣಾನ ಆಟೋದೋನು ಹತ್ತಿಸ್ಕೊಳಲ್ಲ."

ದೊಡ್ಡಾಸ್ಪತ್ರೆಯಲ್ಲಿ ಡಾಕ್ಟರ್ ಸರ್ವಮಂಗಳಾ ಬಿ.ಪಿ. ನೋಡಿದರು, ಕುತ್ತಿಗೆಗೆ ಸ್ಟೆತಾಸ್ಕೋಪ್ ಇಟ್ಟು ಕೇಳಿದರು. "ಎರಡೂ ಕೈ ಎತ್ತಿ ಹಾಗೇ ಹಿಡೀರಿ" ಎಂದರು. ಅಭ್ಯಾಸಬಲ, ಮರಿಯಣ್ಣ ಮುಷ್ಟಿ ಕಟ್ಟಿಯೇ ಎತ್ತಿದ.

"ಇಲ್ಲಿ ಸ್ಟ್ರೈಕ್ ಮಾಡ್ಬೇಡೀಪ್ಪಾ, ಈಗಾಗ್ಲೇ ನಿಮ್ಮ ಮೆದುಳು ಮಾಡಿದೆ" ಎಂದು ನಕ್ಕರು. ಆಮೇಲೆ ನಗಲಿಲ್ಲ. "ಮೆದುಳಿಗೆ ಹೋಗೋ ರಕ್ತಕ್ಕೆ ಸ್ವಲ್ಪ ಹೊತ್ತು ಅಡ್ಡಿಯಾಗಿ ಮತ್ತೆ ಹರಿದಿದೆ. ತಾನಾಗೇ ಬಿಡ್ತು ಅಂತ ಸುಮ್ನೆ ಇದ್ರೆ, ಮುಂದಿನ ಸಲ ಬಿಡಲ್ಲ. ಅದೇ ಲಕ್ವ. ಇವತ್ತೋ ನಾಳೆಯೋ ಬರಬಹುದು, ಅದಕ್ಕೇ ವಾರ್ಡಿಗೆ ಸೇರಿಸ್ತೀನಿ."

"ಅಮ್ಮಾ, ಇದು ಕುಡ್ದಿದ್ದಕ್ಕಲ್ಲ ಅಂತ..."

"ಅಲ್ಲ. ಬಿ.ಪಿ. ಮಿತಿಮೀರಿದೆ, ಜೊತೆಗೆ ಬೀಡಿ. ಬೀಡಿ ಇವತ್ತೇ ಬಿಡಿ. ಉಪ್ಪು, ಉಪ್ಪಿನಕಾಯಿ ಕಮ್ಮಿ. ರಕ್ತ ಹೆಪ್ಪುಗಟ್ಟದ ಹಾಗೆ ಒಂದು ಮಾತ್ರೆ, ಬಿ.ಪಿ.ಗೆ ಒಂದು. ಚೆನ್ನಾಗಿದೀನಿ ಅಂತ ನೀವೇ ನಿಲ್ಲಿಸೋ ಹಾಗಿಲ್ಲ."

ಸಾರಾಯಿ ಬಿಟ್ಟದ್ದು ಸುಲಭವಾಗಿತ್ತು, ಬೀಡಿ ಅವನನ್ನು ಹಿಂಡಿ ಹಾಕಿತು. ಬರೀ ಲವಂಗ ಅಗಿದ. ಸಪ್ಪೆ ಸಾರಿಗೆ ಹೆಂಡತಿಯನ್ನು ಬೈದ. ಎರಡು ತಿಂಗಳಾದ ಮೇಲೆ ಗುಣವಾಯಿತೆಂದು ಮಾತ್ರೆಯನ್ನು ತುಳಸಿ ಕುಂಡಕ್ಕೆ ಒತ್ತಲು ಹೋಗಿ ಸಿಕ್ಕಿಬಿದ್ದ. ಅಂದಿನಿಂದ ಸಿದ್ದಮ್ಮ ಮಾತ್ರೆ ನುಂಗಿಸಿ "ಆ" ಅನ್ನಿಸಿ ಬಾಯೊಳಗೆ ನೋಡಿಯೇ ಬತ್ತಿ ಹೊಸೆಯಲು ಕೂರುತ್ತಿದ್ದಳು.

ಸಂಘದವರು ಆ ಕಡೆ ಸುಳಿಯಲಿಲ್ಲ. ಸಿದ್ದಮ್ಮನೇ ಟೀ ಅಂಗಡಿಗೆ ಹೋಗಿ, ಗಿರಾಕಿಗಳೆಲ್ಲ ಕೇಳುವ ಹಾಗೆ ಮಹಾನಂದನಿಗೆ ಹೇಳಿದಳು: "ಬಾಯಿ ಸೊಟ್ಟಗಾದ್ರೆ, ಕೈ ಬಿದ್ರೆ, ಮಾತು ತೊದಲಿದ್ರೆ ಮೂಸ್ತಾ ಕೂತ್ಕೋಬೇಡ್ರಪ್ಪ. ಮತ್ತೆ ಸರೋಗಿದ್ರೂ ಬಿಡ್ದೆ ಆಸ್ಪತ್ರೆಗೆ ಎತ್ತಾಕ್ಕೊಂಡೋಗಿ."

ಮುಂದಿನ ಮೇ ದಿನದ ಬೆಳಿಗ್ಗೆ ಮಹಾನಂದ ಮೈಕು ಹಿಡಿದುಕೊಂಡು ಮನೆ ಬಾಗಿಲಿಗೆ ಬಂದ. ಅದನ್ನು ಮುಂದೆ ಚಾಚಿದ. ಮರಿಯಣ್ಣ ಮೈಕಿಗೆ ಕೈ ಚಾಚಲಿಲ್ಲ, ಬಾಯಿ ತೆರೆದು ಮುಂದೊಡ್ಡಿದ.

"ಬೇಡ ಬಿಡೋ ಮಾರಾಯ."

"ಮೂಸೋ. ರೂಲ್ಸು ಅಂದ್ರೆ ರೂಲ್ಸು."

ಮಹಾನಂದ ಬಗ್ಗಿ ಮೂಸಿದ. ಇನ್ನೊಮ್ಮೆ ಮೂಸಿದ. "ಏನೋ ಇದು, ಬೀಡಿ ವಾಸನೇನೂ ಇಲ್ವಲ್ಲೋ!"

"ಎರಡೂ ಕೈ ಎತ್ಸಿನೂ ನೋಡ್ರಪ್ಪ" ಎಂದಳು ಒಳಗಿನಿಂದ ಸಿದ್ದಮ್ಮ. ಮರಿಯಣ್ಣ ಎತ್ತಿದ. ಎರಡೂ ಸಮನಾಗಿ ನಿಂತವು. ಮಹಾನಂದ ಬಲಗೈಗೆ ಮೈಕು ಕೊಟ್ಟ.