ಒಂದು ಚಮಚ ಹೆಪ್ಪು

ಬಳೇಪೇಟೆಯ ವಠಾರ ಬಿಟ್ಟ ದಿನ ಪಾತ್ರೆಗಳನ್ನೆಲ್ಲ ತಿಕ್ಕಿ, ಒಣಗಿಸಿ, ಗೋಣಿಚೀಲಕ್ಕೆ ತುಂಬಿದೆ. ಮೊಸರಿನ ಪಾತ್ರೆಯನ್ನೂ ಬಿಡಲಿಲ್ಲ. ಅಲ್ಲೇ ಎಡವಟ್ಟಾಯಿತು. ಹೆಪ್ಪು ಹಾಕಲು ಒಂದು ಚಮಚ ಮೊಸರು ಎತ್ತಿಡಬೇಕೆಂದು ಹೊಳೆಯಲೇ ಇಲ್ಲ. ಹೊಳೆಯುವುದಾದರೂ ಹೇಗೆ? ನಮ್ಮಲ್ಲಿ ಮುಗಿದರೆ ಪಕ್ಕದ ಮನೆ ಅಜ್ಜಿಯ ಅಡುಗೆಮನೆಗೆ ಸೀದಾ ನುಗ್ಗುತ್ತಿದ್ದೆ. ಅವರಲ್ಲಿ ಮುಗಿದರೆ ಅವರು ನಮ್ಮಲ್ಲಿಗೆ ಬರುತ್ತಿದ್ದರು. ಹಾಗೇ ಇಪ್ಪತ್ತು ವರ್ಷ ಕಳೆದಿತ್ತು.

ನಾವಿದ್ದ ಮನೆಯನ್ನು ಮಾಲೀಕರು ಬಟ್ಟೆಯ ಗೋಡೌನ್ ಮಾಡಲು ಹೊರಟಿದ್ದರು. ನಮ್ಮ ಯಜಮಾನರು ಕೆಲಸ ಮಾಡುತ್ತಿದ್ದ ಪೀಣ್ಯದ ಕಾರ್ಖಾನೆಗೆ ಹತ್ತಿರವಾಗಲೆಂದು ಚಿಕ್ಕಬಾಣಾವರದಲ್ಲಿ ಮಹಡಿ ಮನೆ ಹಿಡಿದೆವು. ಮೆಟ್ರೋ ಇನ್ನೂ ಬಂದಿರದ ಕಾಲ. ಸಾಮಾನು ಇಳಿಸಿ ಅವರು ಪಾಳಿಗೆ ಹೋದರು. ಮುಸ್ಸಂಜೆ ಹಾಲು ಕಾಯಿಸಿ ಆರಿಸಿದ ಮೇಲೆ ಹೆಪ್ಪಿಲ್ಲವೆಂದು ನೆನಪಾಯಿತು. ಲೋಟ ಹಿಡಿದು ಕೆಳಗಿಳಿದೆ. ಕೆಳಮನೆಯಲ್ಲಿದ್ದ ಹೊಸ ಮಾಲೀಕರು ಅದೇ ಊರಿನ ಒಕ್ಕಲು ಮನೆತನದವರು. ಆ ಮನೆಯಾಕೆ ಬಾಗಿಲಲ್ಲೇ ನಿಲ್ಲಿಸಿದರು.

"ದೀಪ ಅಚ್ಚಿದ್ ಮ್ಯಾಲೆ ಎಪ್ಪು ಕೊಡಾಕಿಲ್ಲ ಕಣಕ್ಕ. ಬೆಳಿಗ್ಗೆ ಬಾ."

ಈ ಶಾಸ್ತ್ರ ನನಗೇನು ಗೊತ್ತಿಲ್ಲವೇ? ಹೊರಗಿನವರಿಗೆ ನಾನೂ ಕೊಡುತ್ತಿರಲಿಲ್ಲ. ಆದರೆ ವಠಾರದಲ್ಲಿ ನಾವ್ಯಾರೂ ಒಬ್ಬರಿಗೊಬ್ಬರು ಹೊರಗಿನವರಾಗಿರಲಿಲ್ಲ. ಮೇಲೆ ಬಂದು, ಕಟ್ಟಿದ ಮೂಟೆಯ ಮೇಲೆ ಕುಳಿತು ಅತ್ತೆ. ಸಿಟ್ಟೂ ಬಂದಿತ್ತು. ಇವರ ಮೊಸರು ಯಾರಿಗೆ ಬೇಕು, ವಠಾರದ ನಮ್ಮ ಜನ ಇನ್ನೂ ಅಲ್ಲೇ ಇದ್ದಾರಲ್ಲ ಅಂದುಕೊಂಡೆ.

ಬೆಳಿಗ್ಗೆ ಒಂದು ಸ್ಟೀಲ್ ಡಬ್ಬಿ ಹಿಡಿದು ಬಸ್ ಹತ್ತಿದೆ. ಒಂದು ಚಮಚ ಮೊಸರಿಗೆ ಅಷ್ಟು ದೂರ! ಯಾರಾದರೂ ಕೇಳಿದ್ದರೆ ನಕ್ಕುಬಿಡುತ್ತಿದ್ದರು. ನಿಜ ಹೇಳಬೇಕೆಂದರೆ ನನಗೆ ಮೊಸರು ಒಂದು ನೆಪ. ನಾನಿನ್ನೂ ಅಲ್ಲಿಯವಳೇ ಎಂದು ಖಾತ್ರಿ ಮಾಡಿಕೊಳ್ಳಬೇಕಿತ್ತು.

ಅಜ್ಜಿ ನನ್ನನ್ನು ಕಂಡು ಹಿಗ್ಗಿದರು. ರೂಢಿಯಂತೆ ನಾನು ಅಡುಗೆಮನೆಯತ್ತ ಹೊರಟೆ.

"ನೀನ್ ಕೂತ್ಕೋಮ್ಮ, ಅಷ್ಟು ದೂರದಿಂದ ಬಂದಿದೀಯ," ಎಂದು ಕೈಹಿಡಿದು ನಡುಮನೆಯಲ್ಲಿ ಚಾಪೆ ಹಾಸಿ ಕೂರಿಸಿದರು. ಕಾಫಿ ಕೊಟ್ಟರು. ಹೊಸ ಮನೆಗೆ ನೀರು ಬರುತ್ತದೆಯೇ ಎಂದು ಕೇಳಿದರು. ಡಬ್ಬಿಗೆ ಮೊಸರನ್ನು ಅವರೇ ಹಾಕಿ ತಂದರು.

ಹೊರಡಲು ಎದ್ದೆ. "ಒಂದ್ನಿಮಿಷ ಇರು" ಎಂದು ಒಳಗೆ ಹೋಗಿ ಅರಿಶಿನ ಕುಂಕುಮದ ಬಟ್ಟಲು ಹಿಡಿದು ಬಂದರು. ಹಬ್ಬ ಹರಿದಿನ ಬಿಟ್ಟರೆ ಆಕೆ ನನಗೆ ಎಂದೂ ಹಾಗೆ ಕುಂಕುಮ ಕೊಟ್ಟವರಲ್ಲ. ಅದು ಬಂದು ಹೋಗುವವರಿಗೆ ಕೊಡುವುದು.

ಡಬ್ಬಿಯನ್ನು ಎಡಗೈಗೆ ತೆಗೆದುಕೊಂಡೆ. ಹಣೆಗಿಟ್ಟುಕೊಂಡೆ.

"ಆಗಾಗ ಬರ್ತಾ ಇರಮ್ಮ," ಅಂದರು.