ಕಟ್ಟಿಕೊಂಡ ಹೆಬ್ಬೆರಳು

ಮನವಿಪತ್ರ ಟೈಪ್ ಮಾಡುವ ಕೀಬೋರ್ಡ್ ಕೆಟ್ಟಿತ್ತು. ಹೊಸದು ತರಲು ಚಿತ್ರದುರ್ಗದ ಕಂಪ್ಯೂಟರ್ ಅಂಗಡಿಗೆ ಹೋದೆ. ಅಲ್ಲಿ ಕುರಿ ಸಾಕುವ ಆದಿವಾಲ ಹಳ್ಳಿಯವರೊಬ್ಬರು ಬಲಗೈ ಹೆಬ್ಬೆರಳನ್ನು ಉಣ್ಣೆ ದಾರದಿಂದ ಅಂಗೈಗೆ ಬಿಗಿದು ಕಟ್ಟಿಕೊಂಡು ನಿಂತಿದ್ದರು. ಗಾಯವೇನೂ ಕಾಣಲಿಲ್ಲ.

“ಏನ್ರಿ ಇದು?” ಅಂದೆ.

“ಮೇವು ಕತ್ತರಿಸೋ ಮಿಷನ್ನಿಗೆ ಸಿಕ್ಕಿ ನನ್ನ ಮಗಳ ಹೆಬ್ಬೆರಳು ಹೋಗೈತೆ. ಮುಂಚೆ ಗೆಳತಿಯರ ಜೊತೆ ವಿಡಿಯೋ ಗೇಮ್ ಆಡ್ತಿದ್ಲು. ಈಗ ಅವರು ಸೇರಿಸ್ಕಳಲ್ಲ, ಇವಳು ಸರಿಯಾಗಿ ಉಣ್ಣಲ್ಲ. ಅವಳ ಕೈಗೆ ಯಾವುದು ಒಗ್ಗುತ್ತೆ ನೋಡಾಣ ಅಂತ ಕಟ್ಕಂಡಿದೀನಿ.”

ಟಿವಿಗೆ ಜೋಡಿಸುವ ಗೇಮ್ ಕನ್ಸೋಲನ್ನೇ ಒಯ್ಯಿರಿ ಎಂದು ಅಂಗಡಿಯವನು ಒತ್ತಾಯಿಸುತ್ತಿದ್ದ. ಆದರೆ ದುಡ್ಡು ಕೊಡುವ ಮುಂಚೆ ಡಬ್ಬಿ ಬಿಚ್ಚುವುದಿಲ್ಲವಂತೆ, ಅದು ರೂಲಂತೆ. ನನಗೆ ರೇಗಿತು. ಗ್ರಾಹಕರ ಹಕ್ಕಿನ ಬಗ್ಗೆ ಬೀದಿಗೆ ಕೇಳುವಂತೆ ಭಾಷಣ ಮಾಡಿದೆ. ಅವನು ಕೈಕಟ್ಟಿ ನಿಂತ.

“ನೀವೊಂಚೂರು ಸುಮ್ಕಿರ್ರಿ,” ಎಂದು ಕುರಿಯವರು ಅವನತ್ತ ತಿರುಗಿದರು. “ಏನಪ್ಪ, ಹಲ್ಲು ನೋಡ್ದೆ ಯಾರಾದ್ರೂ ಕುರಿ ತಗಂತಾರಾ?”

ಅವನು ನಕ್ಕು ಡಬ್ಬಿ ಬಿಚ್ಚಿದ. ಕುರಿಯವರು ಕಂಟ್ರೋಲರು ಹಿಡಿದು ಆಡಿ ನೋಡಿದರು. ಅದರಲ್ಲಿ ಎಗರುವ ಗುಂಡಿ ಬಲ ಹೆಬ್ಬೆರಳಿನದು. ಆಟದ ಬೊಂಬೆ ಗೋಡೆಗೆ ಗುದ್ದಿ ಅಲ್ಲೇ ನಿಂತಿತು. ಆಮೇಲೆ ಅಂಗಡಿಯ ಕಂಪ್ಯೂಟರಿನ ಮುಂದೆ ಕುಳಿತರು. ಎಡಗೈ ಕೀಬೋರ್ಡಿನ ಮೇಲೆ, ಕಟ್ಟಿದ ಬಲಗೈ ಮೌಸಿನ ಮೇಲೆ. ಮೌಸು ಹೆಬ್ಬೆರಳನ್ನು ಕೇಳಲಿಲ್ಲ. ಬೊಂಬೆ ಗೋಡೆ ಎಗರಿ ಓಡಿತು.

“ಕಂಪ್ಯೂಟರೇ ಕೊಡಪ್ಪ,” ಎಂದು ಅವರು ಹಲ್ಲಿನಿಂದ ದಾರದ ಗಂಟು ಬಿಚ್ಚಿದರು.

ಹಾಗಾದರೆ ನನ್ನ ಕೀಬೋರ್ಡಿನ ಡಬ್ಬಿಯನ್ನೂ ಬಿಚ್ಚಿ ತೋರಿಸು ಅಂದೆ.

ಅಂಗಡಿಯವನು ನನ್ನನ್ನು ಮೇಲಿಂದ ಕೆಳಗೆ ನೋಡಿದ. “ನಿಮ್ಮವು ಎಷ್ಟು ಕುರಿ ಅವೆ ಸಾರ್?”